ಗಾಡಿ ನಿಂತಿದ್ದರೆ ಮುಂದೆ ಹೋಗು

ವೆಂಡೆಲ್ ರೂಡ್‌ಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮರದ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ದುಡಿದು, ಎಡಗೈಯ ಎರಡು ಬೆರಳನ್ನು ಗರಗಸಕ್ಕೆ ಕೊಟ್ಟು ಮನೆ ಸೇರಿದವನು. ಉಳಿದ ಬೆರಳುಗಳಲ್ಲೇ ಕೋಳಿಪುಕ್ಕ, ಜಿಂಕೆಯ ಕೂದಲು ಸುತ್ತಿ ಮೀನನ್ನು ಮರುಳು ಮಾಡಲು ಗಾಳಕ್ಕೆ ಹುಸಿ ನೊಣ ಕಟ್ಟುತ್ತಿದ್ದ. ಟ್ರೌಟ್ ಮೀನಿನ ಮಾತು ಹಾಗಿರಲಿ, ಅವನ ಮೇಜಿನ ಮೇಲೆ ಕೂತಿದ್ದ ಒಂದನ್ನು ನಿಜವಾದ ನೊಣವೆಂದು ನಾನೇ ಪೇಪರ್ ಮಡಚಿ ಹೊಡೆದಿದ್ದೇನೆ.

ನಾನು ಡೋರೀನ್. ಮಾಂಟಾನಾದ ಈ ಕಣಿವೆಯಲ್ಲಿ ಇಪ್ಪತ್ತು ವರ್ಷದಿಂದ ಅಂಚೆ ಗಾಡಿ ಓಡಿಸುತ್ತಿದ್ದೇನೆ. ಹೊಳೆ, ಹೆದ್ದಾರಿ ಎರಡೂ ನಲವತ್ತು ಮೈಲಿ ಜೊತೆಜೊತೆಗೇ ಸಾಗುತ್ತವೆ. ಹೊಳೆಬದಿಯಲ್ಲಿ ಯಾರದಾದರೂ ಗಾಡಿ ನಿಂತಿದ್ದರೆ ಅಲ್ಲಿನ ನೀರು ಅವತ್ತಿಗೆ ಅವನದು. ಉಳಿದವರು ಮುಂದೆ ಹೋಗಬೇಕು. ಇದು ನಮ್ಮಲ್ಲಿ ಯಾರೂ ಮೀರದ ಮರ್ಯಾದೆ. ವೆಂಡೆಲ್‌ಗಂತೂ ಅದು ದೇವರ ವಾಕ್ಯ.

ಅಕ್ಟೋಬರ್ ಬಂದು ಕಂದು ಟ್ರೌಟ್‌ಗಳು ಮೊಟ್ಟೆಯಿಡಲು ಮೇಲೇರತೊಡಗಿದರೆ ಅವನ ನೀಲಿ ಪಿಕಪ್ ದಿನಾ, ಹೊಳೆ ಬಂಡೆಗಳ ನಡುವೆ ಬಳಸಿ ಹರಿಯುವ ಕಲ್ಲುತಿರುವಿನಲ್ಲಿ ನಿಂತಿರುತ್ತಿತ್ತು. ಒಂದು ಸಲ ನಾನು ಅಲ್ಲಿ ನಿಲ್ಲಿಸಿ, ಏನಾದರೂ ಸಿಕ್ಕಿತಾ ಎಂದು ಮೇಲಿನಿಂದಲೇ ಕೂಗಿದೆ. ಸಿಕ್ಕಿದ್ದ ಮೀನು ತಪ್ಪಿಸಿಕೊಂಡಿತಂತೆ. ದಡ ಹತ್ತಿ ಬಂದವನು ನನ್ನ ಜನ್ಮ ಜಾಲಾಡಿಬಿಟ್ಟ.

"ಬಾಯಿಬಡುಕಿ, ಗಾಡಿ ನಿಂತಿದೆ ಅಂದ್ರೆ ಮನುಷ್ಯ ನೀರಲ್ಲಿದಾನೆ ಅಂತ ಅರ್ಥ ಕಣೇ. ಬಾಯ್ಮುಚ್ಕೊಂಡು ಮುಂದೆ ಹೋಗು."

ಅಂದಿನಿಂದ ಆ ತಿರುವಿನಲ್ಲಿ ನಾನು ವೇಗ ಇಳಿಸಿ, ಸದ್ದಿಲ್ಲದೆ ದಾಟುತ್ತಿದ್ದೆ.

ಹೋದ ವರ್ಷ ಒಂದು ಮಂಗಳವಾರ ಬೆಳಿಗ್ಗೆ ಪಿಕಪ್ ಅಲ್ಲಿತ್ತು. ಸಂಜೆ ಹಿಂದಿರುಗುವಾಗಲೂ ಇತ್ತು. ರಸ್ತೆಗೆ ಕಾಣುತ್ತಿದ್ದುದು ಪೊದೆಗಳ ಮೇಲೆ ಅವನ ಗಾಳದ ಕೋಲಿನ ತುದಿ ಮಾತ್ರ. ಅದು ಅತ್ತಿಂದಿತ್ತ ಜೋರಾಗಿ ಆಡುತ್ತಿತ್ತು. ದೊಡ್ಡದೇ ಬಿದ್ದಿದೆ, ಮುದುಕನ ಅದೃಷ್ಟ ಅಂದುಕೊಂಡು ನಗುತ್ತಾ ಮನೆಗೆ ಹೋದೆ.

ಬುಧವಾರ ಬೆಳಿಗ್ಗೆ ಹುಲ್ಲೆಲ್ಲ ಹಿಮಗಟ್ಟಿ ಬೆಳ್ಳಗಾಗಿತ್ತು. ಪಿಕಪ್ ಇತ್ತು, ಕೋಲಿನ ತುದಿ ಇರಲಿಲ್ಲ. ಇವತ್ತು ಬೇಗ ಬಂದಿದ್ದಾನೆ ಎಂದುಕೊಂಡು ದಾಟಿದೆ. ಆದರೂ ಏನೋ ಕೊರೆಯುತ್ತಿತ್ತು. ಎರಡು ಮೈಲಿ ಮುಂದೆ ಗಾಳದಂಗಡಿಯ ಹಾರ್ಲನ್‌ಗೆ ಕಾಗದ ಕೊಡುತ್ತಾ ವೆಂಡೆಲ್ ಬಗ್ಗೆ ಕೇಳಿದೆ.

"ಇದಾನಲ್ಲ, ನಿನ್ನೆಯಿಂದ ಅಲ್ಲೇ ಬೀಡು ಬಿಟ್ಟಿದಾನೆ," ಎಂದ ಹಾರ್ಲನ್. "ಮೂರು ಜನ ಗಿರಾಕಿಗಳು ಆ ತಿರುವು ಕೇಳಿದ್ರು. ಮುದುಕನ ಬಾಯಿಗೆ ಯಾಕೆ ಬೀಳ್ತೀರಾ ಅಂತ ನಾನೇ ಬೇರೆ ಕಡೆ ಕಳಿಸ್ದೆ."

ಹೇಳಿ ಹಲ್ಲು ಕಿರಿದ. ನನಗೆ ಬೆಳಿಗ್ಗೆ ಕಂಡದ್ದು ನೆನಪಾಯಿತು. ಪಿಕಪ್ಪಿನ ಗಾಜಿನ ಮೇಲೆ ಹಿಮ ದಪ್ಪಗಿತ್ತು, ಒಂದು ಕಡೆಯೂ ಕೆರೆದಿರಲಿಲ್ಲ. ಬೆಳಿಗ್ಗೆ ಓಡಿಸಿಕೊಂಡು ಬಂದ ಗಾಡಿ ಹಾಗಿರುವುದಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗಾಯಿತು ನನ್ನ ಪಾಡು.

ಹಾರ್ಲನ್‌ನನ್ನು ಕೂರಿಸಿಕೊಂಡು ಗಾಡಿ ತಿರುಗಿಸಿದೆ. ದಡ ಇಳಿಯುತ್ತಾ ಬೇಕೆಂದೇ ಗಂಟಲು ಹರಿಯುವಂತೆ ಕೂಗಿದೆ. ಬೈಯಲಿ, ಬಾಯಿಗೆ ಬಂದಂತೆ ಬೈಯಲಿ, ಜೀವ ಒಂದಿರಲಿ ಎಂದು ಬೇಡಿಕೊಂಡೆ. ಹೊಳೆಯ ಮೊರೆತ ಬಿಟ್ಟು ಬೇರೇನೂ ಕೇಳಲಿಲ್ಲ.

ಎರಡು ಬಂಡೆಗಳ ಸಂದಿಯಲ್ಲಿ ಕಾಲು ಸಿಕ್ಕಿ, ಮೊಣಕಾಲುದ್ದದ ನೀರಿನಲ್ಲಿ, ಬಂಡೆಗೆ ಎದೆಯೊರಗಿಸಿ ಕೂತಿದ್ದ. ಮುಖ ರಸ್ತೆಯ ಕಡೆಗಿತ್ತು. ಮುಟ್ಟಿದರೆ ಕೈ ಮರಗಟ್ಟುವಷ್ಟು ತಣ್ಣಗಿದ್ದ. ಕೋಲು ಇನ್ನೂ ಮುಷ್ಟಿಯಲ್ಲೇ ಇತ್ತು. ಹಾರ್ಲನ್ ಅದನ್ನು ಬಿಡಿಸಿ ತೆಗೆದು ತಿರುಗಿಸಿ ನೋಡಿದ.

"ಇದ್ರಲ್ಲಿ ದಾರಾನೇ ಇಲ್ಲ, ಡೋರೀನ್."

ದಾರವೆಲ್ಲ ಅವನ ತೊಡೆಯ ಸುತ್ತ ಇತ್ತು. ಬಂಡೆಗೆ ಸೀಳಿದ ಕಾಲಿನ ರಕ್ತ ನಿಲ್ಲಲೆಂದು ಕೋಲಿನಿಂದ ಬಿಚ್ಚಿ ಬಿಗಿಯಾಗಿ ಸುತ್ತಿಕೊಂಡಿದ್ದ. ಮಂಗಳವಾರ ಸಂಜೆ ಆ ಬರಿಗೋಲನ್ನು ಅವನು ಬೀಸಿದ್ದು ನನ್ನನ್ನು ಕರೆಯಲು. ನಾನು ವೇಗ ಇಳಿಸಿದ್ದು ಅವನಿಗೆ ಕೇಳಿಸಿರಲೇಬೇಕು.

ಈಗ ಹೊಳೆಬದಿಯಲ್ಲಿ ಯಾರ ಗಾಡಿ ಕಂಡರೂ ನಿಲ್ಲಿಸಿ ಕೂಗುತ್ತೇನೆ. ಮೀನು ಓಡಿಸುವ ಹುಚ್ಚಿ ಎಂದು ಕಣಿವೆಯಲ್ಲೆಲ್ಲ ನನಗೆ ಹೆಸರು ಬಿದ್ದಿದೆ. ಕೆಳಗಿನಿಂದ ಬೈಗುಳ ಕೇಳಿಸುವ ತನಕ ನಾನು ಅಲ್ಲಿಂದ ಕದಲುವುದಿಲ್ಲ.