ರೇಣುಕಾಳ ಕೈ ತಪ್ಪಿರಲಿಲ್ಲ

ರೇಣುಕಾ, ಎಲೆಕ್ಟ್ರಾನಿಕ್ ಸಿಟಿಯ ಆ ಲ್ಯಾಬಿನಲ್ಲಿ ನೀನು ಟ್ಯೂಬುಗಳನ್ನು ಅದಲುಬದಲು ಮಾಡಿರಲಿಲ್ಲ. ಮಾಡಿದ್ದೀಯೆಂದು ಸುಳ್ಳು ಹೇಳಿದವನು ನಾನು — ನೀನು ಇಂದಿಗೂ ಗುರು ಎನ್ನುವ ನಾನು.

ನಾನು ಕಲಿತದ್ದೆಲ್ಲ ಗಿಡಗಳ ಮೇಲೆ. ಜೀನಿನಿಂದ ನಕಲಾಗಿ ಬರುವ ಸಂದೇಶವನ್ನು ಓದಿ ಜೀವಕೋಶ ಪ್ರೋಟೀನ್ ಕಟ್ಟುತ್ತದೆ. ಗಿಡದಲ್ಲಿ ಮೈಕ್ರೋಆರ್‌ಎನ್‌ಎ ಎಂಬ ಪುಟ್ಟ ಎಳೆ ಸಾಮಾನ್ಯವಾಗಿ ಆ ಸಂದೇಶವನ್ನೇ ಕತ್ತರಿಸಿಬಿಡುತ್ತದೆ. ಪ್ರಾಣಿಕೋಶವೂ ನನ್ನ ಪಠ್ಯಕ್ರಮವನ್ನೇ ಪಾಲಿಸತಕ್ಕದ್ದೆಂದು ತೀರ್ಮಾನಿಸಿದ್ದೆ. ಪ್ರಾಣಿಕೋಶಕ್ಕೆ ಅಂಥದೊಂದು ಎಳೆ ಸೇರಿಸಿದ ನಿನ್ನ ಪ್ರಯೋಗದಲ್ಲಿ ಅದು ಪಾಲಿಸಲಿಲ್ಲ. ಪ್ರೋಟೀನ್ ಇಳಿದಿತ್ತು; ಸಂದೇಶ ಹೆಚ್ಚುಕಡಿಮೆ ಹಾಗೇ ಇತ್ತು.

“ಸಾರ್, ಇದು ಕತ್ತರಿಸ್ತಿಲ್ಲ ಅನ್ಸುತ್ತೆ,” ಅಂದೆ ನೀನು. “ಸಂದೇಶದ ಬಾಲದ ಹತ್ರ ಅರ್ಧಂಬರ್ಧ ಅಂಟ್ಕೊಂಡು, ಓದೋಕೇ ಬಿಡ್ತಿಲ್ಲ.”

“ಜೀವಕೋಶಕ್ಕೆ ನಿನ್ನಷ್ಟು ಕಲ್ಪನೆ ಇಲ್ಲಮ್ಮ,” ಎಂದು ನಾನು ನಕ್ಕೆ.

ಆಮೇಲೆ ಯಾರಿಗೂ ಹೇಳದೆ ಅದೇ ಪ್ರಯೋಗವನ್ನು ನಾನೇ ಮಾಡಿದೆ. ನಿನ್ನದೇ ಫಲಿತಾಂಶ. ಅಂಟುವ ಜಾಗವನ್ನು ಕೆಡಿಸಿ ನೋಡಿದೆ — ಪ್ರೋಟೀನ್ ಮರಳಿ ಬಂತು. ಕೆಡಿಸದೆ ಬಿಟ್ಟದ್ದರಲ್ಲಿ ಸಂದೇಶವೂ ಕರಗಿತು, ನಿಜ. ಆದರೆ ನಿಧಾನವಾಗಿ, ಓದು ನಿಂತಮೇಲೆ. ನಿನ್ನ ಬಗ್ಗೆ ಎಷ್ಟು ಹೆಮ್ಮೆಯಾಯಿತೆಂದರೆ — ಅದನ್ನಾದರೂ ಅಂದೇ ಹೇಳಬಹುದಿತ್ತು.

ಹೇಳಲಿಲ್ಲ. ಹಿಂದಿನ ವಾರವಷ್ಟೇ ಮೀಟಿಂಗಿನಲ್ಲಿ ಕತ್ತರಿಯ ಸಿದ್ಧಾಂತವನ್ನು ಮಂತ್ರದಂತೆ ಪಠಿಸಿದ್ದೆ. ಬಾಸ್ ನಿನ್ನ ಫಲಿತಾಂಶ ನೋಡಿ, “ಏನ್ರೀ ಇದು, ಒಂದಕ್ಕೊಂದು ತಾಳೆನೇ ಇಲ್ವಲ್ಲ?” ಎಂದಾಗ ನನ್ನ ಬಾಯಿಂದ ಬಂದದ್ದು: “ಹುಡುಗಿ ಟ್ಯೂಬ್ ಅದಲುಬದಲು ಮಾಡಿದ್ದಾಳೆ ಸಾರ್.”

ನಿನ್ನನ್ನು ಲ್ಯಾಬಿನಿಂದ ಎಬ್ಬಿಸಿ ದಾಖಲೆ ವಿಭಾಗದಲ್ಲಿ ಕೂರಿಸಿದರು. ಸಂಜೆ ಕಂಪನಿ ಬಸ್ಸು ಬೊಮ್ಮನಹಳ್ಳಿಯಲ್ಲಿ ಸಿಕ್ಕಿಕೊಂಡಿದ್ದಾಗ ನೀನು ಕೋಡುಬಳೆ ಡಬ್ಬಿ ಚಾಚಿ, “ನನ್ನಿಂದ ನಿಮ್ಗೆ ಮುಜುಗರ ಆಯ್ತು ಸಾರ್” ಅಂದೆ. ನಾನು ಎರಡು ತೆಗೆದುಕೊಂಡೆ. ತಿಂದೆ ಕೂಡ.

ಮೊನ್ನೆ, ನೀನೀಗ ಪಾಠ ಮಾಡುವ ಕಾಲೇಜಿನಲ್ಲಿ ನನಗೆ ಶಾಲು ಹೊದಿಸಿ ಮಕ್ಕಳಿಗೆ ಹೇಳಿದೆಯಲ್ಲ — “ನಾನೊಂದ್ಸಲ ಟ್ಯೂಬ್ ಅದಲುಬದಲು ಮಾಡಿದ್ದೆ ಕಣ್ರೋ. ಸಾರ್ ಕಂಡುಹಿಡಿದ್ರು. ಅವತ್ತಿಂದ ನನ್ನ ಕೈನ ನಾನೇ ನಂಬಲ್ಲ.” ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಗಾಂಭೀರ್ಯದಿಂದ ತಲೆದೂಗಿದೆ.

ನನ್ನನ್ನು ಮೈಕ್ರೋಆರ್‌ಎನ್‌ಎಗೆ ಹೋಲಿಸಿಕೊಳ್ಳುವ ಆಸೆಯಾಗುತ್ತದೆ, ಸಲ್ಲದು. ಅದು ತಡೆಯುವುದು ಕೋಶದ ಕೆಲಸಕ್ಕಾಗಿ. ನಾನು ತಡೆದದ್ದು —

ಬರುವ ಸೋಮವಾರ ನಿನ್ನ ತರಗತಿಗೆ ಬಂದು ಅದೇ ಮಕ್ಕಳೆದುರು ಇದನ್ನೆಲ್ಲ ಹೇಳುತ್ತೇನೆ. ನೀನು ಹಿಂದಿನ ಬೆಂಚಿನಲ್ಲಿ ಕೂತು ಕೇಳು. ಎದ್ದುಹೋದರೂ ಸರಿಯೇ, ಅರ್ಧಕ್ಕೆ ನಿಲ್ಲಿಸುವುದಿಲ್ಲ.