ಶೇವಂತಾ ಕಾಕುವಿಗೆ ನಾನು ಓದಿದ ಕೊನೆಯ ಅಧ್ಯಾಯ

ಆ ಪುಸ್ತಕ ತೆರೆದೊಡನೆ ನನಗೆ ಸೀನು ಬಂತು. ಐವತ್ತು ವರ್ಷಗಳ ಹಿಂದಿನ ತಂಬಾಕು ಅದರ ಹೊಲಿಗೆಯ ಸಂದಿಯಲ್ಲಿ ಇನ್ನೂ ಕೂತಿದೆ. ಮೊನ್ನೆ ಟ್ರಂಕಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು ಹಾಳೆ ತಿರುವಿದಾಗ ಕಂದು ಪುಡಿ ಸೆರಗಿನ ಮೇಲೆ ಉದುರಿತು. ಆ ಘಾಟಿನ ಹಿಂದೆಯೇ ರಾತ್ರಿಯಿಡೀ ಹಸಿ ಗೋಣಿಚೀಲದಲ್ಲಿ ಸುತ್ತಿಟ್ಟ ಬೀಡಿ ಎಲೆಯ ವಾಸನೆ ಬಂತು. ಅದರ ಬೆನ್ನಿಗೆ ಕೊಗನೊಳ್ಳಿಯ ನಮ್ಮ ಪಡಸಾಲೆ, ಸಗಣಿ ಸಾರಿಸಿದ ನೆಲ, ಕತ್ತರಿಗಳ ಕಚಕಚ ಸದ್ದು ಎಲ್ಲ ಬಂದವು. ಸಾನ್ವಿ, ನೀನು ಮೊಬೈಲಿನಲ್ಲಿ ಓದುವ ಕಾದಂಬರಿಗಳ ಬಗ್ಗೆ ನಿನ್ನ ತಮ್ಮನಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿದ್ದಿತ್ತು. ಲಡಾಯಿ, ಅದರಲ್ಲಿ ಕಳೆದುಹೋದ ಗಂಡು, ಹಡಗು ಹತ್ತಿ ಪರದೇಶಕ್ಕೆ ಹೋಗಿ ಹೊಸದಾಗಿ ಬದುಕು ಕಟ್ಟಿಕೊಂಡ ಹೆಣ್ಣು. "ಅಜ್ಜಿಗೆ ಇದೆಲ್ಲಾ ತಿಳಿಯಂಗಿಲ್ಲ ಬಿಡು" ಎಂದು ನಕ್ಕೆ. ನಾನು ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಹುಟ್ಟಿನಿಂದ ಬಂದ ರೂಢಿ. ಬಾಯಿಂದ ಆಗದ ಮಾತನ್ನು ನಿಮ್ಮಿಬ್ಬರಿಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ. ಏಳನೆಯ ಇಯತ್ತೆಗೆ ಸಾಲೆ ಬಿಟ್ಟವಳ ಬರಹ, ತಪ್ಪಿದ್ದರೆ ತಿದ್ದಿಕೊಳ್ಳಿ.

ಕೊಗನೊಳ್ಳಿಯಲ್ಲಿ ನಮ್ಮ ಮನೆ ದೊಡ್ಡ ರಸ್ತೆಗೆ ಹತ್ತಿರವಿತ್ತು. ಪುಣೆ ಕಡೆ ಹೋಗುವ ಲಾರಿಗಳ ಸದ್ದಿಗೆ ಗೂಡಿನಲ್ಲಿಟ್ಟ ತಾಟುಗಳು ಸಣ್ಣಗೆ ಅಲುಗುತ್ತಿದ್ದವು. ಮನೆಯಲ್ಲಿ ಆಯಿ, ಅಂದರೆ ನನ್ನ ಅಪ್ಪನ ತಾಯಿ, ಅಪ್ಪ, ಅವ್ವ, ನಾನು ಮತ್ತು ಶೇವಂತಾ ಕಾಕು. ಕಾಕು ನನ್ನ ಕಾಕಾನ, ಅಂದರೆ ಅಪ್ಪನ ತಮ್ಮನ ಹೆಂಡತಿ, ಯಡೂರಿನ ಮಗಳು. ಕಾಕಾ ಮಿಲಿಟರಿಯಲ್ಲಿದ್ದ. ಅವನ ನೆನಪು ನನಗೆ ಸ್ವಲ್ಪವೇ ಉಳಿದಿದೆ: ಬೆಲ್ಟಿನ ಹಿತ್ತಾಳೆ ಬಿಲ್ಲೆ, ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಲಾರಿ ತೋರಿಸಲು ನಿಲ್ಲುತ್ತಿದ್ದ ರಸ್ತೆಯ ಏರು, ಅಷ್ಟೇ. ನಾನು ಆರು ವರ್ಷದವಳಿದ್ದಾಗ ಲಡಾಯಿ ಶುರುವಾಯಿತು, ರಜೆ ಮುಗಿಯುವ ಮೊದಲೇ ಅವನನ್ನು ಕರೆಸಿಕೊಂಡರು. ಮದುವೆಯಾಗಿ ಆಗ ಹತ್ತು ತಿಂಗಳು. ಲಡಾಯಿ ಮುಗಿದ ಮೇಲೆ ಬಂದ ಕಾಗದದಲ್ಲಿ ಪತ್ತೆಯಾಗಿಲ್ಲ ಎಂದಿತ್ತು. ಸತ್ತಿದ್ದಾನೆ ಎಂದಿರಲಿಲ್ಲ, ಇದ್ದಾನೆ ಎಂದೂ ಇರಲಿಲ್ಲ. ಕಾಕು ಕುಂಕುಮ ಅಳಿಸಲಿಲ್ಲ, ಬಳೆ ಒಡೆಯಲಿಲ್ಲ. ಆದರೆ ಯಾರ ಮನೆಯ ಅರಿಶಿನ ಕುಂಕುಮಕ್ಕೂ ಹೋಗಲಿಲ್ಲ. ಕರೆದವರಿಗೆ ಕಸಿವಿಸಿ ಯಾಕೆ ಎನ್ನುತ್ತಿದ್ದಳು. ಅವಳು ಮಲಗುವಾಗ ಪಕ್ಕದಲ್ಲಿ ನಾನಿರುತ್ತಿದ್ದೆ. ಬೆಳಿಗ್ಗೆ ನನ್ನ ಜಡೆ ಹಾಕುತ್ತಿದ್ದವಳೂ ಅವಳೇ. ಅವ್ವನ ಕೈ ಒರಟು. ಕಾಕು ಒಂದೊಂದೇ ಸಿಕ್ಕನ್ನು ಬಿಡಿಸುತ್ತ, ಬೀಡಿಯ ದಾರ ಸುತ್ತಿದಷ್ಟೇ ಹಗುರವಾಗಿ ಜಡೆ ಹೆಣೆಯುತ್ತಿದ್ದಳು.

ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಬೀಡಿ ಕಟ್ಟಲು ಕೂಡುವರು. ಆಯಿ, ಅವ್ವ, ಕಾಕು, ಆಚೆ ಮನೆಯ ಗಂಗಕ್ಕ. ತಗಡಿನ ಅಳತೆ ಇಟ್ಟು ಎಲೆ ಕತ್ತರಿಸುವುದು, ಚಿಟಿಕೆ ತಂಬಾಕು ಇಟ್ಟು ಸುತ್ತುವುದು, ಬಾಯಿ ಮಡಚಿ ದಾರ ಬಿಗಿಯುವುದು. ಕೈಗೆ ಬಿಡುವಿಲ್ಲ, ಕಿವಿಗೆ ಮಾತ್ರ ಬಿಡುವು. ಹಾಗಾಗಿ ನಾನು ಸಾಲೆಯಿಂದ ಬಂದೊಡನೆ ನಡುವೆ ಕೂತು ಕಾದಂಬರಿ ಓದಬೇಕಿತ್ತು. ನಾಲ್ವರಲ್ಲಿ ಯಾರಿಗೂ ಅಕ್ಷರ ಬರುತ್ತಿರಲಿಲ್ಲ. ಅಪ್ಪ ನಿಪ್ಪಾಣಿಯ ಸಂತೆಗೆ ಹೋದಾಗ ವಾಚನಾಲಯದಿಂದ ಪುಸ್ತಕ ತರುತ್ತಿದ್ದ. ಓದುವವಳಿಗೆ ಬೀಡಿ ಕಟ್ಟಲಾಗುವುದಿಲ್ಲವೆಂದು ಎದ್ದು ಹೋಗುವಾಗ ಪ್ರತಿಯೊಬ್ಬರೂ ತಮ್ಮ ಮೊರದಿಂದ ಒಂದು ಹಿಡಿ ಬೀಡಿ ತೆಗೆದು ನನ್ನ ಮೊರಕ್ಕೆ ಹಾಕುತ್ತಿದ್ದರು. ನಾಲ್ಕು ಜನರೆದುರು ನನ್ನ ಹೆಸರು ಹೇಳಲೂ ನಾಚುತ್ತಿದ್ದ ನನಗೆ ಪುಸ್ತಕ ಕೈಯಲ್ಲಿದ್ದರೆ ಮಾತ್ರ ದನಿ ಬರುತ್ತಿತ್ತು. ಆದರೂ ಒತ್ತಕ್ಷರ ಬಂದಲ್ಲಿ ತಡವರಿಸುತ್ತಿದ್ದೆ. ಗಂಗಕ್ಕ ನಗುತ್ತಾಳೆಂದು ಅಂದಿನ ಪಾಠವನ್ನು ಬೆಳಿಗ್ಗೆಯೇ ದನದ ಕೊಟ್ಟಿಗೆಯಲ್ಲಿ ಕೂತು ಒಮ್ಮೆ ಮನಸ್ಸಿನಲ್ಲಿ ಓದಿಕೊಂಡಿರುತ್ತಿದ್ದೆ.

"ಲಡಾಯಿ ಹಾಳಿ ಹಾರ್ಸಿ ಪ್ರೀತಿದ್ದದ್ದು ಓದ ಬೇ" ಎನ್ನುತ್ತಿದ್ದಳು ಗಂಗಕ್ಕ. ಅದಕ್ಕೆ ಅವ್ವ, "ಪ್ರೀತಿ ಹಾಳಿ ಬಂತಂದ್ರ ಗಂಗಕ್ಕನ ಬೀಡಿ ಡೊಂಕ ಆಗತಾವು, ಬ್ಯಾಡ" ಎಂದು ಛೇಡಿಸುವಳು. ಅದು ನಿಜವೂ ಆಗಿತ್ತು. ಅಳು ಬರುವ ಅಧ್ಯಾಯ ಓದಿದ ದಿನ ಕಟ್ಟಿದ ಬೀಡಿಗಳೆಲ್ಲ ಸಡಿಲಾಗಿ ಮರುದಿನ ಕಾರ್ಖಾನೆಯಿಂದ ಹಿಂದಕ್ಕೆ ಬರುತ್ತಿದ್ದವು.

ನನಗೆ ಹನ್ನೆರಡು ತುಂಬಿದ ವರ್ಷ ಯಡೂರಿನಿಂದ ಕಾಕುವಿನ ಅಣ್ಣ ಬಂದ. ಕಾಗವಾಡ ಕಡೆಯ ಒಬ್ಬ ಫಿಟ್ಟರ್ ಇದ್ದಾನೆ, ಮಸ್ಕತ್ತಿನಲ್ಲಿ ಹಡಗು ರಿಪೇರಿಯ ಕೆಲಸ, ಹೆಂಡತಿ ತೀರಿಕೊಂಡಿದ್ದಾಳೆ, ಎರಡು ತಿಂಗಳ ರಜೆಯ ಮೇಲೆ ಬಂದಿದ್ದಾನೆ, ಶೇವಂತಾಳನ್ನು ಉಡಿಕೆ ಮಾಡಿಕೊಂಡು ಜೊತೆಗೆ ಕರೆದೊಯ್ಯಲು ಒಪ್ಪಿದ್ದಾನೆ ಎಂದ. ಗಂಡ ಹೋದವಳಿಗೆ ಹೊಸ ಸೀರೆ ಉಡಿಸಿ ಮತ್ತೊಬ್ಬನ ಮನೆಗೆ ಕಳಿಸುವ ಉಡಿಕೆ ನಮ್ಮವರಲ್ಲಿ ನಡೆಯುತ್ತಿತ್ತು. ಆದರೆ ಕಾಕಾ ಹೋಗಿದ್ದಾನೆಂದು ಹೇಳಬೇಕಾದವರು ಯಾರು? ಎಲ್ಲರೂ ಆಯಿಯ ಮುಖ ನೋಡಿದರು. ಆಯಿ ಕೈಯಲ್ಲಿದ್ದ ಬೀಡಿಯ ದಾರ ಬಿಗಿದು, ಹಲ್ಲಿನಿಂದ ಕಡಿದು, ನಂತರ ಹೇಳಿದಳು:

"ಆರ ವರ್ಷ ಆತು. ಹೋಗ್ಲಿ ಅಕಿ. ನಾಳೆ ನನ್ನ ಮಗಾ ಬಂದ್ರ ಅವಗ ನಾ ಹೇಳ್ತೀನಿ, ನಿನ್ನ ಹೇಣ್ತಿನ ನಾನ ಕಳಿಸೀನಿ ಅಂತ."

ಮರುದಿನ ಮಧ್ಯಾಹ್ನ ಕಾಕು ತನ್ನ ಟ್ರಂಕಿನಿಂದ ಈ ಪುಸ್ತಕ ತಂದು ನನ್ನ ಮುಂದಿಟ್ಟಳು. ಕೊನೆಯ ಸಲ ಊರಿಗೆ ಬರುವಾಗ ಕಾಕಾ ಯಾವುದೋ ಸ್ಟೇಷನ್ನಿನಲ್ಲಿ ಕೊಂಡು, ಅರ್ಧ ಓದಿ, ಹಾಳೆಯ ಮೂಲೆ ಮಡಚಿಟ್ಟು ಹೋದ ಪುಸ್ತಕವದು. ಆರು ವರ್ಷ ಯಾರೂ ಅದನ್ನು ಮುಟ್ಟಿರಲಿಲ್ಲ.

"ಇದನ್ನ ಓದ" ಎಂದಳು. ಆಮೇಲೆ ಅಣ್ಣನ ಕಡೆ ತಿರುಗಿ, "ಅವರು ಇದರಾಗ ಏನ್ ಓದತಿದ್ರು ನನಗ ಗೊತ್ತಿಲ್ಲ. ಇದು ಮುಗೀಲಿ ಅಣ್ಣಾ, ಆಮ್ಯಾಲ ಹೇಳ್ತೀನಿ" ಎಂದಳು.

"ಪುಸ್ತಕಾ ಕೇಳಿ ಮದಿವಿ ಆಗತಾರೇನವಾ?" ಎಂದ ಅವನು.

"ನಿಮ್ಮನ್ನ ಕೇಳಿ ಆಗಿದ್ನಲ್ಲಾ ಒಮ್ಮಿ" ಎಂದಳು ಕಾಕು. ಗಂಗಕ್ಕ ಸೆರಗು ಬಾಯಿಗಿಟ್ಟು ನಕ್ಕಳು. ಕಾಕು ನಗಲಿಲ್ಲ.

ಕಥೆ ಇಷ್ಟು. ವಿಮಲಾ ಎಂಬ ಹೆಣ್ಣಿನ ಗಂಡ ಲಡಾಯಿಗೆ ಹೋಗಿ ಕಾಣೆಯಾಗುತ್ತಾನೆ. ಅವಳು ಹಡಗು ಹತ್ತಿ ದೂರದ ಚಳಿದೇಶದ ಒಂದು ಬಂದರಿನ ಊರಿಗೆ ಹೋಗಿ ಕೈಗವಸು ಹೊಲಿಯುವ ಕೆಲಸಕ್ಕೆ ಸೇರುತ್ತಾಳೆ. ಅವಳಿರುವ ಕೋಣೆಯ ಕೆಳಗೆ ಗಡಿಯಾರ ರಿಪೇರಿ ಮಾಡುವ ಒಬ್ಬ ಒಳ್ಳೆಯ ಮನುಷ್ಯ. ಕಾಕಾ ಮೂಲೆ ಮಡಚಿದ್ದು ವಿಮಲಾ ಹಡಗು ಹತ್ತುವ ಪುಟದಲ್ಲಿ. ಆ ಪುಟ ಬಂದ ದಿನ ಕಾಕು, "ಇಲ್ಲೀತನಕಾನ ಓದಿದ್ರು?" ಎಂದು ಕೇಳಿ, ಮಡಿಕೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, "ಹೂಂ, ಮುಂದ ಓದ" ಎಂದಳು. ಅಲ್ಲಿಂದ ಮುಂದೆ ಅವಳು ಬೀಡಿ ಕಟ್ಟುವುದೇ ನಿಧಾನವಾಯಿತು. "ಏ ಹುಡುಗಿ, ಆ ಹಡಗಾ ಇನ್ನೂ ಎಷ್ಟ ದಿನಾ ತೇಲ್ತೈತಿ? ನನ್ನ ಎಲಿ ಒಣಗಾಕತ್ತಾವು" ಎಂದು ಗಂಗಕ್ಕ ಗೊಣಗಿದರೂ ಕಾಕು, "ಓದಲಿ ಸುಮ್ಮಿರ್ರಿ" ಎನ್ನುತ್ತಿದ್ದಳು. ಆ ಊರಿನ ಹಿಮ ಹೇಗಿರುತ್ತದೆ, ಅಲ್ಲಿಯವರು ಅವಳ ಮಾತನ್ನು ಹೇಗೆ ತಿಳಿದುಕೊಳ್ಳುತ್ತಾರೆ ಎಂದೆಲ್ಲ ನನ್ನನ್ನು ಕೇಳುತ್ತಿದ್ದಳು. ಒಂದು ಬೆಳಿಗ್ಗೆ ಜಡೆ ಹಾಕುತ್ತ, "ಮಸ್ಕತ್ತಿನ್ಯಾಗ ಬಿಸಲ ಭಾಳ ಅಂತ. ನಮಗ ಬಿಸಲೇನ್ ಹೊಸಾದು" ಎಂದಳು. ಅವಳ ಮನಸ್ಸು ಹೊರಟು ನಿಂತಿದೆ ಎಂದು ನನಗೆ ಆಗ ತಿಳಿಯಿತು.

ಕೊನೆಯ ಅಧ್ಯಾಯದ ದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಕೂತು ಓದಿಕೊಂಡೆ. ಕಾಣೆಯಾದ ಗಂಡನ ಸುದ್ದಿ ಬರುವುದೇ ಇಲ್ಲ. ವಿಮಲಾ ಏಳು ವರ್ಷ ಕಾದು, ಒಂದು ಬೆಳಿಗ್ಗೆ ಮೆಟ್ಟಿಲಿಳಿದು ಹೋಗಿ, ಇನ್ನೂ ತೆರೆಯದ ಗಡಿಯಾರದ ಅಂಗಡಿಯ ಬಾಗಿಲನ್ನು ತಾನೇ ತೆರೆಯುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಇದನ್ನು ಓದಿದರೆ ಕಾಕು ಹೋಗುತ್ತಾಳೆ. ನಾಳೆಯಿಂದ ನನ್ನ ಜಡೆ ಹಾಕುವವರು ಯಾರು, ರಾತ್ರಿ ಯಾರ ಸೆರಗು ಹಿಡಿದು ಮಲಗಲಿ? ನಾನು ಯೋಚಿಸಿದ್ದು ಇಷ್ಟೇ ಮಕ್ಕಳೇ. ಕಾಕಾ ಬಂದರೆ ಅವನ ಗತಿಯೇನು ಎಂದು ಯೋಚಿಸಿದೆ ಎಂದು ಬರೆಯಬಹುದಿತ್ತು, ಚೆಂದ ಕಾಣುತ್ತಿತ್ತು. ಆದರೆ ನಾನು ಜಡೆಯನ್ನೇ ಯೋಚಿಸಿದೆ.

ಮಧ್ಯಾಹ್ನ ಪುಸ್ತಕ ಬಿಡಿಸಿ ಕೂತು, ಅದರಲ್ಲಿ ಇಲ್ಲದ್ದನ್ನು ಓದಿದೆ. ಬಂದರಿಗೆ ಹಡಗು ಬಂತು. ಕಡೆಯದಾಗಿ ಊರುಗೋಲು ಹಿಡಿದು ಒಬ್ಬ ಇಳಿದ. ವಿಮಲಾ ಕೈಯಲ್ಲಿದ್ದ ಸೂಜಿ ಬಿಸಾಡಿ ಓಡಿದಳು. "ನೀನು ಕಾಯುತ್ತೀ ಎಂದೇ ಬದುಕಿದೆ" ಎಂದ ಅವನು. ಇಬ್ಬರೂ ಅದೇ ಹಡಗಿನಲ್ಲಿ ತಮ್ಮ ಊರಿಗೆ ಮರಳಿದರು. ಹೇಳುತ್ತ ಹೇಳುತ್ತ ಹಾಳೆಗಳನ್ನೂ ತಿರುವಿದೆ. ಪ್ರತಿ ಸಾಲಿಗೆ ತಡವರಿಸುವವಳು ಅಂದು ಎಲ್ಲಿಯೂ ತಡವರಿಸಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ. ಗಂಗಕ್ಕ ಮೂಗು ಒರೆಸಿಕೊಂಡಳು. ಆಯಿ ಮೊರವನ್ನು ಆಚೆ ಸರಿಸಿ ಗೋಡೆಗೆ ಮುಖ ಮಾಡಿ ಕೂತಳು. ಅವಳ ಬೆನ್ನು ಅಲುಗುತ್ತಿತ್ತು. ಕಾಕು ಮಾತ್ರ ಕಟ್ಟುತ್ತಿದ್ದ ಬೀಡಿಯನ್ನು ಮುಗಿಸಿ, ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ಸೆರಗಿನಿಂದ ಒರೆಸಿ ಟ್ರಂಕಿನಲ್ಲಿಟ್ಟು ಬಂದಳು.

"ಅತ್ತಿ, ಅಣ್ಣಗ ಹೇಳಿ ಕಳಸ್ರಿ" ಎಂದಳು. "ನಾ ಒಲ್ಲೆ ಅಂತ."

ಫಿಟ್ಟರ್ ಅಥಣಿಯ ಒಬ್ಬಳನ್ನು ಮಾಡಿಕೊಂಡು ಮಸ್ಕತ್ತಿಗೆ ಹೋದ. ಅವರಿಗೆ ಎರಡು ಮಕ್ಕಳಾದವೆಂದು ಯಡೂರಿನಿಂದ ಸುದ್ದಿ ಬಂತು. ಕಾಕಾ ಬರಲಿಲ್ಲ, ಅವನ ಬಗ್ಗೆ ಮತ್ತೊಂದು ಕಾಗದವೂ ಬರಲಿಲ್ಲ. ಆಯಿ ಸಾಯುವ ಮೊದಲು ಕಾಕುವಿನ ಕೈ ಹಿಡಿದು, "ನಿನ್ನ ಕಳಿಸಬೇಕಾಗಿತ್ತ ನಾ" ಎಂದಳು. ಆ ಮಾತು ಬಂದು ಬಿದ್ದದ್ದು ಬಾಗಿಲಲ್ಲಿ ನಿಂತಿದ್ದ ನನ್ನ ಮೇಲೆ. ಹದಿನಾರಕ್ಕೆ ನನ್ನ ಮದುವೆಯಾಯಿತು. ನನ್ನ ಜಡೆಗಾಗಿ ಅವಳನ್ನು ಹಿಡಿದಿಟ್ಟ ನಾನೇ ನಾಲ್ಕು ವರ್ಷಕ್ಕೆ ಆ ಮನೆ ಬಿಟ್ಟು ಕಬ್ಬೂರಿಗೆ ಹೊರಟೆ. ಕೊನೆಯ ಜಡೆಯನ್ನೂ ಅವಳೇ ಹಾಕಿದಳು, ಹೂ ಮುಡಿಸಿದಳು. ನನಗೆ ಅತ್ತು ಹೇಳಿಬಿಡಬೇಕು ಎನಿಸಿತು. ದನಿ ಬರಲಿಲ್ಲ. ಕೈಯಲ್ಲಿ ಪುಸ್ತಕವಿರಲಿಲ್ಲ.

ಬಹಳ ವರ್ಷಗಳ ಮೇಲೆ ಕೊಗನೊಳ್ಳಿಯ ಗುಡಿಯ ಕಟ್ಟೆಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸಲು ಶುರು ಮಾಡಿದರು. ಒಂದು ದಿನ ಕಬ್ಬೂರಿಗೆ ಕಾಕುವಿನ ಕಾರ್ಡು ಬಂತು. ಹುಣಸೆಬೀಜದಷ್ಟು ದಪ್ಪ ಅಕ್ಷರ: ನಾನು ಆರಾಮ ಇದೀನಿ, ಎಮ್ಮಿ ಕರಾ ಹಾಕೈತಿ. ಖುಷಿಪಡಬೇಕಾದ ನಾನು ಕಾರ್ಡನ್ನು ಬೋರಲಾಗಿಟ್ಟೆ. ಅವಳಿಗೆ ಈಗ ಓದು ಬರುತ್ತದೆ, ಪುಸ್ತಕ ಅವಳ ಟ್ರಂಕಿನಲ್ಲಿದೆ. ಪಂಚಮಿಗೆ ತವರಿಗೆ ಹೋದಾಗ ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು, ಅಕ್ಷರದ ಕೆಳಗೆ ಬೆರಳು ಎಳೆಯುತ್ತ ಎಳೆಯುತ್ತ ಓದಿ ತೋರಿಸಿದಳು. ನಾನು ಶಿಕ್ಷೆಗೆ ಕಾದು ಕೂತೆ. ಅವಳು ಬಾಚಣಿಗೆ ತಂದು ನನ್ನ ಹಿಂದೆ ಕೂತಳು. ನಿಮ್ಮ ತಂದೆ ಆಗ ನನ್ನ ತೊಡೆಯ ಮೇಲಿದ್ದ. ಜಡೆ ಅರ್ಧವಾದಾಗ, "ಆ ಗಡಿಯಾರದಾಂವ ಚೊಲೋ ಮನಶ್ಯಾ ಇದ್ದ, ಅಲ್ಲಾ?" ಎಂದಳು. ನಾನು ಹೂಂ ಎಂದೆ. ಅವಳು ಜಡೆಯನ್ನು ತುದಿಯವರೆಗೆ ಹೆಣೆದು, ಎಂದಿನಂತೆ ಹಗುರವಾಗಿ ಗಂಟು ಹಾಕಿದಳು. ಓದಿದ್ದಾಳೋ ಇಲ್ಲವೋ ಎಂದು ನಾನು ತಿಳಿಯಲಾರದೆ ಹೋದೆ, ಕೇಳುವ ಧೈರ್ಯವೂ ಆಗಲಿಲ್ಲ.

ಅವಳು ತೀರಿಕೊಂಡ ಮೇಲೆ ಆ ಟ್ರಂಕು ನನಗೆ ಬಂತು. ಈಗ ಆ ಪಡಸಾಲೆಯೂ ಇಲ್ಲ, ರಸ್ತೆ ಅಗಲವಾಗುವಾಗ ಹೋಯಿತು. ನಿಮ್ಮ ಅಜ್ಜ ಹೋಗಿಯೂ ಮೂರು ವರ್ಷವಾಯಿತು. ಅದಕ್ಕೋ ಏನೋ, ನನಗೆ ಈಗೀಗ ಬಹಳ ದಣಿವು. ಕೂತಲ್ಲೇ ಕೂತು ಹಳೆಯದನ್ನು ಮುಟ್ಟಿ ಮುಟ್ಟಿ ನೋಡುತ್ತೇನೆ. ಆ ಪುಸ್ತಕವನ್ನು ಮಾತ್ರ ಇಷ್ಟು ದಿನ ತೆರೆದಿರಲಿಲ್ಲ, ಮೊನ್ನೆ ತೆರೆದೆ. ಮೊದಲಿನಿಂದ ಹಾಳೆಗಳು ಶುದ್ಧವಾಗಿವೆ. ಕೊನೆಯ ಅಧ್ಯಾಯ ಬಂದೊಡನೆ ಪ್ರತಿ ಸಾಲಿನ ಕೆಳಗೂ ಮಾಸಲು ಕಂದು ಗೆರೆ. ಬೀಡಿ ಕಟ್ಟಿ ಕಟ್ಟಿ ತಂಬಾಕು ಇಳಿದ ಬೆರಳಿನ ಗೆರೆ. ಒಂದು ಸಾಲನ್ನೂ ಬಿಡದೆ, ಅಕ್ಷರ ಅಕ್ಷರ ಕೂಡಿಸಿಕೊಂಡು ಬಂದಿದ್ದಾಳೆ. ಬಂದರಿಗೆ ಯಾವ ಹಡಗೂ ಬರಲಿಲ್ಲ ಎನ್ನುವಲ್ಲಿಯೂ ಗೆರೆ ಇದೆ. ಬಾಗಿಲು ತೆರೆದಳು ಎನ್ನುವ ಕಡೆಯ ಮಾತಿನ ಕೆಳಗೆ ಅದು ದಪ್ಪ ಕಲೆಯಾಗಿದೆ. ಅಲ್ಲಿ ಬೆರಳು ಬಹಳ ಹೊತ್ತು ನಿಂತಿರಬೇಕು. ಆಮೇಲೆ ಅದೇ ಬೆರಳಿನಿಂದ ಅವಳು ನನ್ನ ತಲೆಯ ಸಿಕ್ಕು ಬಿಡಿಸಿದಳು.

ನಿನ್ನೆ ನೀವು ಸಾಲೆಗೆ ಹೋದ ಮೇಲೆ ಆ ಅಧ್ಯಾಯವನ್ನು, ಅದರಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ, ಜೋರಾಗಿ ಓದಿದೆ. ಕೇಳುವವರು ಯಾರೂ ಇರಲಿಲ್ಲ. ಅವಳ ಗೆರೆಯ ಮೇಲೆ ನನ್ನ ಬೆರಳಿಟ್ಟುಕೊಂಡು ಓದಿದೆ. ಒತ್ತಕ್ಷರ ಬಂದಲ್ಲೆಲ್ಲ ತಡವರಿಸಿದೆ.