ಆರುವ ತನಕ ಕಾಯದ ನಾನ್‌ಖಟಾಯಿ

ಅಕ್ಕನ ಮಗಳು ಗಿರಿಜಾ ಅಂದು ಆ ಮಾತು ಆಡಿದ್ದು ನಿಜವೋ, ಆಮೇಲೆ ನಾನೇ ಅವಳ ಬಾಯಿಗೆ ಸೇರಿಸಿದ್ದೋ, ಈಗ ಖಾತ್ರಿಯಿಲ್ಲ. ರಂಜಾನ್ ಹಬ್ಬದ ಹಿಂದಿನ ದಿನ ಬೆಟಗೇರಿಯ ಬೇಕರಿ ಭಟ್ಟಿಯ ಮುಂದೆ ನೆರೆಮನೆಯ ಖಾತೂನಬಿ ನನ್ನನ್ನೂ ಗಿರಿಜಾಳನ್ನೂ ಕರೆದುಕೊಂಡು ಬಂದು ತಟ್ಟೆ ಹಿಡಿದು ನಿಂತದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಎಂಬತ್ತರ ದಶಕದ ಆರಂಭವಿರಬೇಕು. ಹಬ್ಬದ ನಾನ್‌ಖಟಾಯಿಗೆ ಎಲ್ಲರೂ ಮನೆಯಲ್ಲಿ ಹಿಟ್ಟು ಕಲಸಿ ತಂದು ಅಲ್ಲಿ ಬೇಯಿಸಿಕೊಳ್ಳುತ್ತಿದ್ದರು. ಗೋಧಿ, ಮೈದಾ ತಿಂದರೆ ಗಿರಿಜಾಳ ಹೊಟ್ಟೆ ಕೆಡುತ್ತಿತ್ತು. ಓಣಿಯ ಮಕ್ಕಳು ತಿನ್ನುವುದನ್ನು ಅವಳು ಸುಮ್ಮನೆ ನೋಡುತ್ತ ಕೂಡಬೇಕಿತ್ತು. ಅದಕ್ಕೇ ಆ ಸಲ ಖಾತೂನಬಿ ಜೋಳದ ಹಿಟ್ಟಿಗೆ ತುಪ್ಪ, ಸಕ್ಕರೆ ಹಾಕಿ ಕಲಸಿದ್ದರು.

“ಖಾಲಾ, ಭಟ್ಟ್ಯಾಗ ರೊಟ್ಟಿ ಬಡ್ಯಾಕ ಬಂದೀರೇನ್ರಿ?” ಎಂದರು ಬೇಕರಿಯವರು.

“ರೊಟ್ಟಿನರ ಅನ್ರಿ. ಮೈದಾ ತಾಕಬಾರದು, ನಂದು ಮೊದಲ ಒಳಗ ಇಡ್ರಿ.”

ಅಂಟಿಲ್ಲದ ಹಿಟ್ಟು ಉದುರುತ್ತದೆ ಎಂದು ರಸಾಯನಶಾಸ್ತ್ರ ಓದಿದ್ದ ನಾನು ಹೇಳಿದೆ. ಬೆಂದದ್ದನ್ನು ಬಿಸಿಯಲ್ಲೇ ಎತ್ತಿದೆವು, ಉದುರಿತು. ಗಿರಿಜಾ ಆ ಪುಡಿಯನ್ನೇ ಬೊಗಸೆಯಲ್ಲಿ ಹಿಡಿದು ಮುಕ್ಕತೊಡಗಿದಳು. ಘಮಕ್ಕೆ ಮಕ್ಕಳು ಬಂದು ಕೈಯೊಡ್ಡಿದರು. ಅವಳು ಬೊಗಸೆ ಹಿಂದಕ್ಕೆಳೆದುಕೊಂಡು, “ಇದು ನಿಮಗ ಆಗೂದಿಲ್ಲ, ಹೊಟ್ಟಿ ನೋಯ್ತೈತಿ” ಎಂದಳು. ಖಾತೂನಬಿ ನಗು ತಡೆಯಲಾರದೆ ಅಲ್ಲೇ ಕುಳಿತುಬಿಟ್ಟರು.

ಅಕ್ಕನಿಗೆ ಈ ಮಾತು ನೆನಪಿಲ್ಲ, ಗಿರಿಜಾ ಒಪ್ಪುವುದಿಲ್ಲ. ಆದರೆ ಒಂದನ್ನು ಮೊನ್ನೆ ಖಾತ್ರಿ ಮಾಡಿಕೊಂಡೆ. ಅದೇ ಹಿಟ್ಟು ಕಲಸಿ ಬೇಯಿಸಿ, ಅಂದು ಯಾರೂ ಕಾಯದಷ್ಟು ಹೊತ್ತು ಕಾದೆ. ಪೂರ್ತಿ ಆರಿದ ಮೇಲೆ ಒಂದೂ ಉದುರಲಿಲ್ಲ.